ನಾಲ್ಕು ಮಡಿಕೆಯ ಕರವಸ್ತ್ರ

ವಿಮಾನ ದುರಸ್ತಿ ಮಾಡುವವರು ಕೆಟ್ಟು ನಿಂತ ವಿಮಾನಕ್ಕೆ ಹೆದರುವುದಿಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಬಿಚ್ಚಬಹುದು, ಬಿಚ್ಚುತ್ತ ಬೈಯಬಹುದು, ಬೈದುಕೊಂಡೇ ಸರಿಮಾಡಿ ಮನೆಗೆ ಹೋಗಬಹುದು. ಅವರು ನಿಜಕ್ಕೂ ಹೆದರುವುದು ಏನೂ ಕೆಡದ ದಿನಕ್ಕೆ. ನಟ್ಟುಗಳೆಲ್ಲ ಹೇಳಿದ ಮಾತು ಕೇಳಿ ಮೊದಲ ತಿರುವಿಗೇ ಸಡಿಲಾಗುವ ದಿನ, ಕೇಳಿದ ಸಾಮಾನು ಕೇಳಿದ ತಕ್ಷಣ ಸ್ಟೋರಿನಲ್ಲಿ ಸಿಗುವ ದಿನ, ಪಾಳಿಗಿಂತ ಮುಂಚೆ ಕೆಲಸವೇ ಮುಗಿದುಹೋಗುವ ದಿನ ಹ್ಯಾಂಗರಿನಲ್ಲಿ ಮಾತು ಕಡಿಮೆಯಾಗುತ್ತದೆ. ಮನೆಯಲ್ಲಿ ಮಗು ಸದ್ದಿಲ್ಲದೆ ಕೂತಿದೆ ಅಂದರೆ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವುದಿಲ್ಲವೇ, ಹಾಗೆ.

ಈ ಹ್ಯಾಂಗರಿನಲ್ಲಿ ಅದಕ್ಕೊಂದು ಕಟ್ಟಳೆಯೇ ಇತ್ತು. ವಿಮಾನದ ಚಕ್ರ ನೆಲ ಬಿಡುವ ತನಕ ಯಾರೂ ಬಾಯಿ ಬಿಟ್ಟು "ಎಲ್ಲ ಸುಸೂತ್ರ" ಅನ್ನಬಾರದು. ಅಂದವನು ಇಡೀ ಪಾಳಿಗೆ ಚಹಾ ಕುಡಿಸಬೇಕು. ಶಾಸ್ತ್ರ ನಂಬದವರೂ ಈ ಒಂದನ್ನು ಮಾತ್ರ ಮೀರುತ್ತಿರಲಿಲ್ಲ. ಕಟ್ಟಳೆಯ ಕಾವಲುಗಾರನೆಂದರೆ ಇನ್ನೊಮ್ಮೆಯಣ್ಣ. ಯಾರಾದರೂ "ಇವತ್ತು ಪರವಾಗಿಲ್ಲ, ಎಲ್ಲಾ..." ಎಂದು ಶುರು ಮಾಡಿದರೆ ಸಾಕು, ರೆಕ್ಕೆಯ ಆಚೆ ಬದಿಯಿಂದ ಅವನ ಕೆಮ್ಮು ಕೇಳುತ್ತಿತ್ತು.

ಇನ್ನೊಮ್ಮೆಯಣ್ಣ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಬಿಗಿದ ನಟ್ಟನ್ನು ನೋಡಿ "ಇನ್ನೊಮ್ಮೆ ನೋಡಪ್ಪ", ಮುಚ್ಚಿದ ಮುಚ್ಚಳ ನೋಡಿ "ಇನ್ನೊಮ್ಮೆ ತೆಗಿಯಪ್ಪ" ಎಂದು ವರ್ಷಗಟ್ಟಲೆ ಹೇಳಿ ಹೇಳಿ ಸಂಪಾದಿಸಿದ್ದು. ಮನೆಯಲ್ಲೂ ಅದೇ ಚಾಳಿ. ಬೀಗ ಹಾಕಿ ಬೀದಿಯ ತಿರುವಿನ ತನಕ ಹೋದವನು ವಾಪಸು ಬಂದು ಬೀಗ ಜಗ್ಗಿ ನೋಡುತ್ತಿದ್ದ. "ಬೀಗದ್ದು ಏನು ಮಹಾ," ಎನ್ನುತ್ತಿದ್ದಳು ಹೆಂಡತಿ, "ನನ್ನನ್ನೂ ಎರಡು ಸಲ ಬಂದು ನೋಡ್ಕೊಂಡು ಹೋದ್ಮೇಲೇ ಒಪ್ಪಿದ್ದು. ಎರಡನೇ ಸಲ ಏನು ಹುಡುಕ್ತಿದ್ರೋ, ಇನ್ನೂ ಹೇಳಿಲ್ಲ."

ಇಂಥವನನ್ನು ಹಗಲು ಪಾಳಿಯ ಇನ್‌ಚಾರ್ಜ್ ಮಾಡಿದರು. ಕಾಯಂ ಅಲ್ಲ, ಒಂದು ತಿಂಗಳು ನೋಡುವುದು, ಆ ತಿಂಗಳಲ್ಲಿ ಅವನ ಪಾಳಿಯಿಂದ ಒಂದು ವಿಮಾನವೂ ತಡವಾಗದಿದ್ದರೆ ಕಾಯಂ ಮಾಡುವುದು ಎಂದು ಮಹಡಿಯ ಗಾಜಿನ ಕೋಣೆಯ ದೊಡ್ಡ ಸಾಹೇಬರು ಹೇಳಿದ್ದರು. ದೊಡ್ಡ ಸಾಹೇಬರದು ಸರಳ ವ್ಯಾಕರಣ: ವಿಮಾನ ಹೊತ್ತಿಗೆ ಸರಿಯಾಗಿ ಹೊರಟರೆ ಅದು "ನಮ್ಮ ವಿಮಾನ", ತಡವಾದರೆ "ನಿಮ್ಮ ವಿಮಾನ".

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇನ್ನೊಮ್ಮೆಯಣ್ಣ ಕೊಡೆಯನ್ನೇನೂ ಹಿಡಿಯಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಅಷ್ಟೆ. ನಡಿಗೆ ನಿಧಾನವಾಯಿತು. ದನಿ ಗಂಟಲು ಬಿಟ್ಟು ಹೊಟ್ಟೆಯಿಂದ ಬರತೊಡಗಿತು. ಜತೆಯಲ್ಲೇ ಗ್ರೀಸು ಮೆತ್ತಿಕೊಂಡು ಬೆಳೆದ ಸೀಟಿ ಒಂದು ದಿನ ಅಭ್ಯಾಸಬಲದಿಂದ "ಅಣ್ಣಾ" ಎಂದು ಕರೆದಾಗ ಅವನು ತಿರುಗಿ ನೋಡಲು ಸ್ವಲ್ಪ ತಡಮಾಡಿದ. ಸೀಟಿ ಎಂದರೆ ಕೆಲಸ ಸಲೀಸಾಗಿ ಸಾಗುವಾಗಲೆಲ್ಲ ಸಿಳ್ಳೆ ಹಾಕುವ ಮೆಕ್ಯಾನಿಕ್ಕು. ಸಿಳ್ಳೆ ನಿಂತಿತೆಂದರೆ ಏನೋ ಕೈಕೊಟ್ಟಿದೆ ಎಂದು ಹ್ಯಾಂಗರಿಗೆಲ್ಲ ಗೊತ್ತಾಗುತ್ತಿತ್ತು. ಅವನು ದಡ್ಡನಲ್ಲ. ಮಾರನೆಯ ದಿನದಿಂದ "ಸಾರ್" ಎನ್ನತೊಡಗಿದ.

ಹೆಂಡತಿಗೆ ಗಂಡನ ಹುದ್ದೆಗಿಂತ ಗಂಡನ ಜೇಬಿನ ಚಿಂತೆ. "ಇನ್‌ಚಾರ್ಜ್ ಅಂದ್ಮೇಲೆ ಹಿಂದಿನ ಜೇಬಲ್ಲಿ ಚಿಂದಿ ಬಟ್ಟೆ ಬಾಲದ ಥರ ನೇತಾಡಬಾರದು ಕಣ್ರೀ" ಎಂದು ನೀಲಿ ಅಂಚಿನ ಬಿಳಿ ಕರವಸ್ತ್ರಗಳನ್ನು ತಂದು, ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೇಲೆ ಇಸ್ತ್ರಿ ಎಳೆದು, ದಿನಕ್ಕೊಂದರಂತೆ ಕೊಡತೊಡಗಿದಳು. ಮಾವನವರು, ಅಂದರೆ ಅವಳ ಅಪ್ಪ, ಆಯುಷ್ಯವಿಡೀ ಬಸ್ಸು ಓಡಿಸಿ ನಿವೃತ್ತರಾಗಿ ಮಗಳ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು. ಅಳಿಯನನ್ನು ಅಲ್ಲಿಯವರೆಗೆ "ರಿಪೇರಿಯೋರು" ಎಂದೇ ಪಕ್ಕದ ಮನೆಯವರಿಗೆ ಪರಿಚಯಿಸುತ್ತಿದ್ದರು. "ಕಾಯಂ ಆಗ್ಲಿ ಅಳಿಯಂದ್ರೇ, ಆಮೇಲೆ ಇನ್‌ಚಾರ್ಜ್ ಅಂತೀನಿ. ಅಲ್ಲೀ ತನಕ ನಾಲಿಗೆ ಯಾಕೆ ಸುಮ್ನೆ ಸವೆಸೋದು?" ಎಂದರು.

ಆ ಕರವಸ್ತ್ರದ ಹಿಂದೆ ಒಂದು ಸಣ್ಣ ತೊಡಕಿತ್ತು. ಹ್ಯಾಂಗರಿನಲ್ಲಿ ಪ್ರತಿಯೊಂದು ಸ್ಪ್ಯಾನರಿಗೂ ಗೋಡೆಯ ಹಲಗೆಯ ಮೇಲೆ ಅದರದೇ ಆಕಾರದ ಗುರುತು ಬರೆದಿರುತ್ತದೆ. ಸಂಜೆ ಗುರುತು ಖಾಲಿ ಕಂಡರೆ ಸ್ಪ್ಯಾನರು ವಿಮಾನದೊಳಗೆ ಉಳಿದಿದೆ ಎಂದೇ ಅರ್ಥ. ಒರೆಸುವ ಚಿಂದಿಗೂ ಲೆಕ್ಕವಿತ್ತು. ಸ್ಟೋರಿನ ಕಿಟಕಿಯಲ್ಲಿ ಕೂರುವ ಅಕ್ಕ ಬೆಳಿಗ್ಗೆ ಒಬ್ಬೊಬ್ಬರಿಗೂ ನಂಬರು ಹಾಕಿದ ಚಿಂದಿಗಳನ್ನು ಎಣಿಸಿ ಕೊಟ್ಟು, ಸಂಜೆ ಅದೇ ನಂಬರಿನ ಕೊಳಕು ಚಿಂದಿಗಳನ್ನು ಎಣಿಸಿ ತೆಗೆದುಕೊಳ್ಳುತ್ತಿದ್ದಳು. ಒಂದು ಕಡಿಮೆಯಾದರೆ ಇಡೀ ಪಾಳಿ ನಿಲ್ಲುತ್ತಿತ್ತು. ಇನ್‌ಚಾರ್ಜ್ ಆದ ಮೊದಲ ದಿನ ಅವಳು ವಾಡಿಕೆಯಂತೆ ಇನ್ನೊಮ್ಮೆಯಣ್ಣನ ಪಾಲಿನ ಚಿಂದಿ ಮುಂದೆ ತಳ್ಳಿದ್ದಳು. ಅವನು ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, "ನನಗೆ ಬೇಡ ಅಕ್ಕ. ನಾನಿನ್ನು ಒರೆಸೋ ಕೆಲಸ ಮಾಡಲ್ಲ, ನೋಡೋ ಕೆಲಸ" ಎಂದಿದ್ದ.

"ಸರಿಯಪ್ಪ, ದೊಡ್ಡೋರಾದ್ರಿ" ಎಂದು ಅಕ್ಕ ಚಿಂದಿ ಒಳಗೆಳೆದುಕೊಂಡಿದ್ದಳು.

ತಿಂಗಳು ಉರುಳಿತು. ಒಂದು ವಿಮಾನವೂ ತಡವಾಗಲಿಲ್ಲ. ಕೊನೆಯ ದಿನ ಬಂತು.

ಆ ದಿನದ ಕೆಲಸ ಇಷ್ಟೇ: ಬೆಳಿಗ್ಗೆ ಬಂದು ನಿಂತ ವಿಮಾನದ ಬಲಗಡೆಯ ಎಂಜಿನ್ನಿನ ಎಣ್ಣೆ ಫಿಲ್ಟರ್ ಬದಲಿಸುವುದು, ಒಂದು ಚಕ್ರ ಬದಲಿಸುವುದು, ಮಾಮೂಲಿ ತಪಾಸಣೆ ಮುಗಿಸಿ ಸಂಜೆಯ ಪ್ರಯಾಣಕ್ಕೆ ಕೊಡುವುದು. ಹಾಳಾದ್ದು, ಎಲ್ಲವೂ ಸಲೀಸಾಗಿ ನಡೆಯಿತು. ಹಳೆಯ ಫಿಲ್ಟರ್ ಕೈ ಹಾಕಿದ ಕೂಡಲೇ ಬಂತು. ಹೊಸದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಚಕ್ರ ತಾನಾಗಿ ಉರುಳಿ ಬಂದು ನಿಂತಂತಿತ್ತು. ಎಂಜಿನ್ ಓಡಿಸಿ, ನಿಲ್ಲಿಸಿ, ಹೊದಿಕೆ ತೆರೆದು ನೋಡಿದರೆ ಎಲ್ಲೂ ಒಂದು ಹನಿ ಎಣ್ಣೆ ಸೋರಿಲ್ಲ. ಸೀಟಿಯ ಸಿಳ್ಳೆ ಬೆಳಿಗ್ಗೆಯಿಂದ ಒಂದೇ ಸಮನೆ ನಡೆದಿತ್ತು.

ಇನ್ನೊಮ್ಮೆಯಣ್ಣನಿಗೆ ಆ ಸಿಳ್ಳೆ ಕಿವಿಯಲ್ಲಿ ಮುಳ್ಳಾಡಿಸಿದಂತಾಗುತ್ತಿತ್ತು.

"ಸ್ವಲ್ಪ ನಿಲ್ಸಪ್ಪ ಅದನ್ನ."

"ನಿಲ್ಸಿದ್ರೆ ಏನೋ ಕೆಟ್ಟಿದೆ ಅಂತ ನೀವೇ ಓಡಿ ಬರ್ತೀರಿ ಸಾರ್."

"ಫಿಲ್ಟರ್ ಇನ್ನೊಮ್ಮೆ ನೋಡಿದ್ಯಾ?"

"ಇನ್ನೊಮ್ಮೆ ನೋಡಿ, ಅದರ ಮೇಲೆ ಇನ್ನೊಮ್ಮೆನೂ ನೋಡ್ದೆ. ನೋಡಿ ನೋಡಿ ಅದಕ್ಕೇ ನಾಚಿಕೆ ಆಗೋ ಹಾಗಿದೆ."

ಇನ್‌ಚಾರ್ಜ್ ಆದವನ ಸಂಕಟ ಇಲ್ಲಿದೆ. ಕೆಟ್ಟಿದ್ದರೆ ಅವನು ಬೇಕು. ಏನೂ ಕೆಡದ ದಿನ ಅವನು ಬೆನ್ನ ಹಿಂದೆ ಕೈ ಕಟ್ಟಿದ ಒಂದು ಕಂಬ. ಇನ್ನೊಮ್ಮೆಯಣ್ಣ ರೆಕ್ಕೆಯ ಕೆಳಗೆ ಹೋದ, ಬಂದ. ಚಕ್ರಕ್ಕೆ ಸುತ್ತು ಹಾಕಿದ. ತಿಂಗಳ ಕೊನೆಯ ದಿನ, ಇನ್ನೇನು ಕಾಯಂ ಆಗುವ ಹೊತ್ತು, ತನ್ನ ಕೈ ತಾಗದೆಯೇ ವಿಮಾನ ಸರಿಯಾಗಿಬಿಡುವುದೆಂದರೆ! ಏಣಿ ಏರಿದ, ತೆರೆದ ಎಂಜಿನ್ನಿನೊಳಗೆ ಟಾರ್ಚು ಬಿಟ್ಟ. ಒಂದು ಕೊಳವೆಯ ಬೆನ್ನ ಮೇಲೆ ಹಳೆಯ ಧೂಳಿನ ಕಲೆ ಕಂಡಿತು. ಎಣ್ಣೆಯಲ್ಲ, ಸೋರಿಕೆಯಲ್ಲ, ಇದ್ದರೆ ಯಾರಿಗೂ ನಷ್ಟವಿಲ್ಲದ, ಹೋದರೆ ಯಾರಿಗೂ ಲಾಭವಿಲ್ಲದ ಕಲೆ. ಅವನಿಗೆ ಹಸಿದವನಿಗೆ ಅನ್ನ ಕಂಡಂತಾಯಿತು. ಕೈ ಅಭ್ಯಾಸದಂತೆ ಹಿಂದಿನ ಜೇಬಿಗೆ ಹೋಯಿತು. ಅಲ್ಲಿ ಚಿಂದಿ ಇರಲಿಲ್ಲ. ಮುಂದಿನ ಜೇಬಿನಿಂದ ಕರವಸ್ತ್ರ ತೆಗೆದು, ಮಡಿಕೆ ಬಿಚ್ಚದೆಯೇ, ಕಲೆಯನ್ನು ಒರೆಸಿದ. ಮನಸ್ಸಿಗೆ ತಂಪಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಏನ್ರೀ, ಹೇಗಿದೆ ನಮ್ಮ ವಿಮಾನ? ಎಲ್ಲಾ ಸುಸೂತ್ರ ತಾನೆ?"

ಇಷ್ಟು ವರ್ಷ ಬೇರೆಯವರ ಬಾಯಿಗೆ ಕೆಮ್ಮಿನ ಬೀಗ ಹಾಕಿದವನು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಫೋನು ಹಿಡಿದು, ಎದೆ ಮುಂದೆ ಮಾಡಿ ಹೇಳಿಬಿಟ್ಟ: "ಎಲ್ಲಾ ಸುಸೂತ್ರ ಸಾರ್!"

ಸೀಟಿಯ ಸಿಳ್ಳೆ ಟಪ್ಪನೆ ನಿಂತಿತು. ಕೆಳಗಿದ್ದವರೆಲ್ಲ ಮೇಲೆ ನೋಡಿದರು. "ಚಹಾ!" ಎಂದು ಒಬ್ಬ ಕೂಗಿದ. ಇನ್ನೊಮ್ಮೆಯಣ್ಣ ನಾಲಿಗೆ ಕಚ್ಚಿಕೊಂಡು, ನಗುತ್ತ, ಸ್ವಲ್ಪ ನಾಚುತ್ತ ಏಣಿ ಇಳಿದ. ಹೊದಿಕೆ ಮುಚ್ಚಿತು, ಕೊಂಡಿಗಳು ಕಟ್‌ಕಟ್ ಎಂದು ಕೂತವು. ಹಲಗೆಯ ಮೇಲೆ ಸ್ಪ್ಯಾನರುಗಳೆಲ್ಲ ತಮ್ಮ ತಮ್ಮ ಗುರುತಿನಲ್ಲಿದ್ದವು. ಸ್ಟೋರಿನ ಅಕ್ಕ ಚಿಂದಿ ಎಣಿಸಿ "ಸರಿ ಇದೆ" ಎಂದಳು. ಇನ್ನೊಮ್ಮೆಯಣ್ಣ ಸಹಿ ಹಾಕಿದ. ಎಳೆಯುವ ಟ್ರ್ಯಾಕ್ಟರ್ ಬಂದು ವಿಮಾನದ ಮೂಗು ಹಿಡಿದು, ಜನ ಹತ್ತುವ ಜಾಗಕ್ಕೆ ಎಳೆದುಕೊಂಡು ಹೋಯಿತು.

ಕಟ್ಟಳೆಯಂತೆ ಚಹಾ ಬಂತು. ಎಲ್ಲರೂ ಲೋಟ ಹಿಡಿದು ಹ್ಯಾಂಗರಿನ ಬಾಗಿಲಲ್ಲಿ ನಿಂತರು. ದೂರದಲ್ಲಿ ವಿಮಾನದ ಮೆಟ್ಟಿಲ ಬಳಿ ಸಾಲು ಕಾಣುತ್ತಿತ್ತು. ಚಹಾ ಬಿಸಿಯಾಗಿತ್ತು. ಇನ್ನೊಮ್ಮೆಯಣ್ಣನ ಹಣೆಯಲ್ಲಿ ಬೆವರು ಒಡೆಯಿತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ.

ಜೇಬು ಖಾಲಿ.

ಎಡ ಜೇಬು ನೋಡಿದ. ಬಲ ಜೇಬು ನೋಡಿದ. ಹಿಂದಿನ ಜೇಬನ್ನು ಹೊರಗೆಳೆದು ನೋಡಿದ. ಬಟ್ಟೆಯ ತುಂಡು ಎಂಜಿನ್ನಿನ ಹೊದಿಕೆಯೊಳಗೆ ಉಳಿದರೆ ಏನಾಗುತ್ತದೆ ಎಂಬುದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ಅವನು: ಎಂಜಿನ್ ಕಾಯುತ್ತದೆ, ಕೊಳವೆಗಳು ಕಾಯುತ್ತವೆ, ಬಟ್ಟೆ ಜಾರಿ ಕಾದ ಜಾಗಕ್ಕೆ ತಾಗಿ ಹೊತ್ತಿಕೊಳ್ಳುತ್ತದೆ, ಮತ್ತೆ ಅದನ್ನು ಆರಿಸಲು ಆಕಾಶದಲ್ಲಿ ಯಾರೂ ಏಣಿ ಹಾಕುವುದಿಲ್ಲ.

ಆದರೆ ಮನುಷ್ಯನ ಮನಸ್ಸು ವಕೀಲ. ಕ್ಯಾಂಟೀನಿನಲ್ಲಿ ಬಿದ್ದಿರಬಹುದಲ್ಲ? ಕ್ಯಾಂಟೀನಿಗೆ ಓಡಿದ. ಮೇಜಿನ ಮೇಲಿಲ್ಲ, ಕೆಳಗಿಲ್ಲ. ಇವತ್ತು ಮನೆಯಿಂದಲೇ ತರಲಿಲ್ಲವೇನೋ? ಹೆಂಡತಿಗೆ ಫೋನು ಮಾಡಿದ.

"ಇವತ್ತು ಕರ್ಚೀಫು ಕೊಟ್ಟಿದ್ಯಾ?"

"ಕೊಡದೇ ಇರ್ತೀನಾ? ಕೊನೇ ದಿನ ಅಂತ ಹೊಸದೇ ಕೊಟ್ಟಿದೀನಿ. ಯಾಕ್ರೀ, ಕಾಯಂ ಆಯ್ತಾ?"

"ಆಮೇಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟ.

ಸ್ಟೋರಿನ ಕಿಟಕಿಗೆ ಬಂದ. "ಅಕ್ಕ, ಒಂದು ಬಿಳೀ ಕರ್ಚೀಫು... ಚಿಂದಿ ಜತೆ ಸೇರಿ ಬಂತಾ?"

ಅಕ್ಕ ಅವನ ಮುಖ ನೋಡಿದಳು. ಚಿಂದಿಯ ರಾಶಿಯನ್ನು ಒಂದೊಂದಾಗಿ ಕೊಡವಿ ತೋರಿಸಿದಳು. "ನಾನು ಕೊಟ್ಟಿದ್ದೆಲ್ಲ ನನಗೆ ಬಂದಿದೆ. ನಾನು ಕೊಡದೇ ಇರೋದಕ್ಕೆ ಎಲ್ಲಿಂದ ಲೆಕ್ಕ ತರ್ಲಿ? ಒರೆಸೋ ಕೆಲಸ ಇಲ್ಲ ಅಂದಿದ್ರಿ."

"ಒರೆಸಿದೆ ಅಕ್ಕ."

"ಏನು ಸೋರ್ತಿತ್ತು?"

"ಏನೂ ಇಲ್ಲ. ಸುಮ್ನೆ ಧೂಳು."

ಅಕ್ಕ ಹಣೆ ಚಚ್ಚಿಕೊಂಡಳು. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ!"

ಬಾಗಿಲಾಚೆ ಮೆಟ್ಟಿಲ ಬಳಿಯ ಸಾಲು ಚಿಕ್ಕದಾಗಿತ್ತು. ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ಒಳಗೆ ಹೋದಳು. ಇನ್ನೊಮ್ಮೆಯಣ್ಣನ ವಕೀಲ ಇನ್ನೂ ವಾದ ಬಿಟ್ಟಿರಲಿಲ್ಲ. ಏಣಿ ಇಳಿಯುವಾಗ ಕೆಳಗೆ ಬಿದ್ದಿರಬಹುದು. ಕಸ ಗುಡಿಸುವವರು ಎತ್ತಿರಬಹುದು. ಒಳಗಿದ್ದರೂ ತಣ್ಣನೆಯ ಮೂಲೆಯಲ್ಲಿರಬಹುದು. ನಿಲ್ಲಿಸಿದರೆ ತಡ ಖಂಡಿತ. ತಡವಾದರೆ ಕಾಯಂ ಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ, ತಡಕ್ಕೆ ಕಾರಣ ಹೇಳಬೇಕು. ರೆಕ್ಕೆ ಮುರಿದಿದ್ದರೆ ಹೇಳಬಹುದು. ಕರವಸ್ತ್ರ ಎಂದು ಹೇಗೆ ಹೇಳುವುದು? ಇನ್‌ಚಾರ್ಜಿನ ಕರವಸ್ತ್ರ!

ಸೀಟಿ ಪಕ್ಕದಲ್ಲಿ ಬಂದು ನಿಂತಿದ್ದ. ಅಕ್ಕನ ಮಾತು ಅವನಿಗೂ ಕೇಳಿಸಿತ್ತು. ಅವನು ಸಾರ್ ಅನ್ನಲಿಲ್ಲ.

"ಅಣ್ಣಾ," ಎಂದ ಮೆಲ್ಲಗೆ, "ಇನ್ನೊಮ್ಮೆ ನೋಡೋಣ್ವಾ?"

ಇನ್ನೊಮ್ಮೆಯಣ್ಣ ವಾಕಿಟಾಕಿ ಕಿತ್ತು ಬಾಯಿಗೆ ಹಿಡಿದ. ದನಿ ಹೊಟ್ಟೆಯಿಂದ ಬರಲಿಲ್ಲ, ಹಳೆಯ ಗಂಟಲಿನಿಂದಲೇ ಬಂತು. "ನಿಲ್ಸಿ! ಎಂಜಿನ್ ಶುರು ಮಾಡ್ಬೇಡಿ. ಬಲಗಡೆ ಎಂಜಿನ್ ತೆರೀಬೇಕು. ಬರ್ತಾ ಇದೀವಿ."

ಪೈಲಟ್ಟನ ಸಮಾಧಾನದ ದನಿ ಬಂತು. "ಶುರು ಮಾಡಲ್ಲ. ಕಾರಣ ಏನು?"

ವಾಕಿಟಾಕಿಯೆಂದರೆ ಊರ ಬಾವಿಕಟ್ಟೆ. ಟ್ರ್ಯಾಕ್ಟರಿನವನು, ಸಾಮಾನು ತುಂಬುವವರು, ಮಹಡಿಯ ಗಾಜಿನ ಕೋಣೆ, ಎಲ್ಲರೂ ಕೇಳುತ್ತಿದ್ದರು.

"ಒಳಗೆ ಒಂದು ಕರ್ಚೀಫು ಉಳಿದಿರಬಹುದು."

ಗರಗರ ಸದ್ದಿನ ನಡುವೆ ಪೈಲಟ್ಟನ ದನಿಯೇ ಮತ್ತೆ ಬಂತು.

"ಯಾರದು?"

"ನಂದೇ."

ಏಣಿ ಹೊತ್ತು ಓಡಿದರು. ಬೆನ್ನ ಹಿಂದೆ ಕಟ್ಟಿಕೊಳ್ಳಲು ಆಗ ಕೈ ಬಿಡುವಿರಲಿಲ್ಲ. ವಿಮಾನದ ಕಿಟಕಿಗಳಲ್ಲಿ ಮುಖಗಳು ಅಂಟಿಕೊಂಡಿದ್ದವು. ಸೀಟಿ ಕೊಂಡಿ ಬಿಚ್ಚುತ್ತಿದ್ದ, ಸಿಳ್ಳೆಯಿಲ್ಲ. ಹೊದಿಕೆ ಮೇಲೆದ್ದಿತು. ಇನ್ನೊಮ್ಮೆಯಣ್ಣ ಟಾರ್ಚು ಬಿಟ್ಟ. ಒರೆಸಿದ ಕೊಳವೆ ಹೊಳೆಯುತ್ತಿತ್ತು. ಅದರ ಮೇಲೆ ಏನೂ ಇಲ್ಲ. ಪಕ್ಕದಲ್ಲಿ ಏನೂ ಇಲ್ಲ. ಎಲ್ಲೂ ಇಲ್ಲ. ಇಲ್ಲದಿದ್ದರೆ ಒಳ್ಳೆಯದಲ್ಲವೇ? ಅಲ್ಲ. ಇಲ್ಲಿಲ್ಲದಿದ್ದರೆ ಎಲ್ಲಿದೆ ಎಂದು ಹೇಳಬೇಕಲ್ಲ. ಹೇಳುವ ತನಕ ವಿಮಾನ ಹೊರಡುವಂತಿಲ್ಲ. ಅವನು ಟಾರ್ಚನ್ನು ಇನ್ನೊಮ್ಮೆ ಆಡಿಸಿದ.

"ಕೆಳಗೆ ಕೈ ಹಾಕಿ ಅಣ್ಣಾ, ಆ ದಪ್ಪ ಕೊಳವೆ ಹಿಂದೆ."

ಭುಜದವರೆಗೆ ಕೈ ತೂರಿಸಿದ. ಬೆರಳಿಗೆ ಮೆತ್ತಗೆ ಏನೋ ತಾಗಿತು. ಹಿಡಿದೆಳೆದ. ನೀಲಿ ಅಂಚು, ಬಿಳಿ ಬಟ್ಟೆ, ಒಂದು ಮೂಲೆಯಲ್ಲಿ ಧೂಳಿನ ಕಲೆ. ಹಾರಾಟದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಕೊಳವೆಗೆ ಒರಗಿಕೊಂಡು ಕೂತಿತ್ತು. ನಾಲ್ಕು ಮಡಿಕೆ ಹಾಗೆಯೇ ಇತ್ತು. ಇಸ್ತ್ರಿ ಕೂಡ ಮುರಿದಿರಲಿಲ್ಲ.

ವಿಮಾನ ತಡವಾಗಿ ಹೊರಟಿತು. ಚಕ್ರ ನೆಲ ಬಿಟ್ಟು, ಬಾಲದ ದೀಪ ಮೋಡದೊಳಗೆ ಸೇರುವ ತನಕ ಇನ್ನೊಮ್ಮೆಯಣ್ಣ ಅಲ್ಲೇ ನಿಂತಿದ್ದ. ಆಮೇಲೂ ಅವನು ಸುಸೂತ್ರ ಎನ್ನಲಿಲ್ಲ.

ಗಾಜಿನ ಕೋಣೆಯಲ್ಲಿ ದೊಡ್ಡ ಸಾಹೇಬರು ಕೂತಿರಲಿಲ್ಲ, ತಿರುಗಾಡುತ್ತಿದ್ದರು. "ಏನ್ರೀ ಇದು? ತಿಂಗಳ ಕೊನೇ ದಿನ ನಿಮ್ಮ ವಿಮಾನ ತಡ ಆಯ್ತಲ್ರೀ! ಮೇಲಿನವರಿಗೆ ನಾನೇನು ಹೇಳ್ಲಿ? ಸಣ್ಣ ತಾಂತ್ರಿಕ ತೊಂದರೆ ಅಂತ ಹೇಳ್ಲಾ?"

ಅದೊಂದು ದೊಡ್ಡ ಉಪಕಾರ ಎಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಮ್ಮೆಯಣ್ಣ ಕರವಸ್ತ್ರವನ್ನು ಕೈಯಲ್ಲಿ ಹಿಂಡುತ್ತ ನಿಂತ. ಕೊನೆಗೂ ಮಡಿಕೆ ಮುದುಡಿತು.

"ಎಂಜಿನ್ನಿಗೆ ಏನೂ ತೊಂದರೆ ಇರ್ಲಿಲ್ಲ ಸಾರ್. ನನ್ನ ಕರ್ಚೀಫು ಅಂತಾನೇ ಹೇಳಿ."

"ನಗ್ತಾರಲ್ರೀ!"

"ನಗ್ಲಿ ಸಾರ್. ನಕ್ಕವರು ಮುಂದೆ ತಮ್ಮ ಜೇಬು ಮುಟ್ಟಿ ನೋಡ್ಕೋತಾರೆ."

ಸಾಹೇಬರು ಅವನನ್ನೇ ನೋಡಿ, ಅರಿವಿಲ್ಲದೆ ತಮ್ಮ ಜೇಬು ಮುಟ್ಟಿಕೊಂಡರು. "ಕಾಯಂ ವಿಷಯ ಈಗ ಆಗಲ್ಲ. ಇನ್ನೊಂದು ತಿಂಗಳು ನೋಡೋಣ. ಮೊದಲಿಂದ."

ಮನೆಯಲ್ಲಿ ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಪಕ್ಕದ ಮನೆಗೆ ಸುದ್ದಿ ಮುಟ್ಟಿಸಲು ತಯಾರಾಗಿದ್ದ ಹಾಗಿತ್ತು. ಹೆಂಡತಿ ಗಂಡನ ಮುಖ ನೋಡಿದಳು, ಮುದುಡಿದ ಕರವಸ್ತ್ರ ನೋಡಿದಳು, ನೀರು ತಂದುಕೊಟ್ಟಳು. ಅವನು ಎಲ್ಲ ಹೇಳಿದ, ಬಡಗಿಯ ಗಾದೆಯನ್ನೂ ಬಿಡಲಿಲ್ಲ.

"ನಾನೇ ಚಿಂದಿ ಬೇಡ ಅಂದಿದ್ದು" ಎಂದಳು ಹೆಂಡತಿ, ಸಣ್ಣಗೆ.

"ನೀನು ಕೊಟ್ಟಿದ್ದು ಜೇಬಿಗೆ. ಎಂಜಿನ್ನಿಗೆ ಹಾಕಿದ್ದು ನಾನು."

ಮಾವನವರು ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: "ನಮ್ಮ ಕಾಲದಲ್ಲಿ ಬಸ್ಸು ತಡ ಆದ್ರೆ ಪಂಕ್ಚರ್ ಅಂತಿದ್ವಿ. ಟೀ ಕುಡೀತಾ ಕೂತಿದ್ರೂ ಪಂಕ್ಚರ್ರೇ. ಊರೆಲ್ಲ ಕೇಳೋ ಹಾಗೆ ನನ್ನ ಕರ್ಚೀಫು ಅನ್ನೋಕೆ ಧೈರ್ಯ ಇರ್ಬೇಕು, ಇಲ್ಲಾ ಬುದ್ಧಿ ಕಮ್ಮಿ ಇರ್ಬೇಕು." ತಿರುಗಿ ಅಳಿಯನನ್ನು ನೋಡಿದರು. "ನಿಮಗೆ ಎರಡೂ ಇದೆ ಇನ್‌ಚಾರ್ಜೇ. ಊಟಕ್ಕೆ ಏಳಿ."

ಮರುದಿನ ಬೆಳಿಗ್ಗೆ ಸ್ಟೋರಿನ ಕಿಟಕಿಯ ಮುಂದಿನ ಸಾಲಿನಲ್ಲಿ ಇನ್ನೊಮ್ಮೆಯಣ್ಣ ಎಲ್ಲರ ಹಿಂದೆ ನಿಂತಿದ್ದ. ಮುಂದಿದ್ದ ಸೀಟಿ ಆಗಲೇ ಸಿಳ್ಳೆ ಶುರು ಮಾಡಿದ್ದ. ಸರದಿ ಬಂದಾಗ ಅಕ್ಕ ಚಿಂದಿ ಎಣಿಸಿ ಮುಂದೆ ತಳ್ಳಿದಳು. ಅವನು ಜೇಬಿನಿಂದ, ಹೆಂಡತಿ ಒಗೆದು ಇಸ್ತ್ರಿ ಮಾಡಿ ಕೊಟ್ಟ ಅದೇ ನೀಲಿ ಅಂಚಿನ ಕರವಸ್ತ್ರ ತೆಗೆದು ಕಟ್ಟೆಯ ಮೇಲಿಟ್ಟ.

ಅಕ್ಕ ಕಪ್ಪು ಶಾಯಿಯ ಪೆನ್ನು ತೆಗೆದು, ಬಿಳಿ ಬಟ್ಟೆಯ ನಟ್ಟನಡುವೆ, ದೂರದಿಂದಲೂ ಕಾಣುವಷ್ಟು ದೊಡ್ಡದಾಗಿ ನಂಬರು ಬರೆದಳು.

"ಸಂಜೆ ಇದೂ ವಾಪಸ್ ಬರ್ಬೇಕು. ಮನೆಯವರು ಕೇಳಿದ್ರೆ ಇದು ಇನ್ನು ಸ್ಟೋರಿಂದು ಅಂತ ಹೇಳಿ. ಎಲ್ಲಾ ಸರಿಯಾಗಿದೆ, ಹೋಗಿ."

ಇನ್ನೊಮ್ಮೆಯಣ್ಣ ಕೆಮ್ಮಿದ. ಆಮೇಲೆ ಚಿಂದಿಗಳನ್ನೂ ಕರವಸ್ತ್ರವನ್ನೂ ಕಿಟಕಿಯೊಳಗೆ ಮರಳಿ ತಳ್ಳಿ ಹೇಳಿದ:

"ಇನ್ನೊಮ್ಮೆ ಎಣ್ಸಿ ಅಕ್ಕ."